ಸೂರಂಚಿನ ಹೊಳೆ

ಆರ್ದ್ರಾ ಮಳೆ ಹಿಡಿಯಿತೆಂದರೆ ಕರಾವಳಿಯ ಹೆಂಚಿನ ಮನೆಗಳಲ್ಲಿ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಸೂರಿಗೆ ಕಟ್ಟಿದ ತಗಡಿನ ದೋಣಿ ಒಂದು ತುದಿಯಲ್ಲಿ ತುಂಬಿ ಚೆಲ್ಲುತ್ತಿರುತ್ತದೆ, ಇನ್ನೊಂದು ತುದಿಯಲ್ಲಿ ಅರ್ಧವೂ ತುಂಬಿರುವುದಿಲ್ಲ. ಚೆಲ್ಲುವುದು ಪೈಪಿನ ಹತ್ತಿರವಲ್ಲ, ಪೈಪಿನಿಂದ ಅತಿ ದೂರದ ಮೂಲೆಯಲ್ಲಿ. ಮನೆಯವರು ಕೆಲಸದವನನ್ನು ಕರೆಸುತ್ತಾರೆ. ಅವನು ಇಳಿಜಾರು ಸಾಲದೆಂದು ಹೇಳಿ, ಪೈಪಿನ ಕಡೆಯ ಬ್ರಾಕೆಟ್ಟನ್ನು ಒಂದು ಇಂಚು ಕೆಳಗಿಳಿಸಿ ಹೋಗುತ್ತಾನೆ. ಮುಂದಿನ ಜಡಿಮಳೆಗೆ ಆ ಮೂಲೆ ಒಣಗಿರುತ್ತದೆ, ಆದರೆ ಈ ಮೂಲೆಯಲ್ಲಿ ಹೆಂಚಿನಿಂದ ಚಿಮ್ಮಿದ ನೀರು ದೋಣಿಯನ್ನು ದಾಟಿ ನೇರ ಅಂಗಳಕ್ಕೆ ಬೀಳುತ್ತದೆ.

ತಪ್ಪು ಕೆಲಸದವನ ಕೈಯದಲ್ಲ. ದೋಣಿಯನ್ನು ಒಂದು ಪುಟ್ಟ ಕಾಲುವೆ ಎಂದು ತಿಳಿದದ್ದು ತಪ್ಪು. ಕಾಲುವೆಗೆ ನೀರು ಮೇಲ್ತುದಿಯಲ್ಲಿ ಬಂದು ಕೆಳತುದಿಯಲ್ಲಿ ಹೋಗುತ್ತದೆ. ನಡುವೆ ಎಲ್ಲೇ ಅಳೆದರೂ ಅಷ್ಟೇ ನೀರು. ಸೂರಿನ ದೋಣಿಯ ಬದುಕು ಬೇರೆ. ಅದರ ಉದ್ದಕ್ಕೂ ಪ್ರತಿ ಹೆಂಚಿನ ಸಾಲಿನಿಂದ ಒಂದೊಂದು ಧಾರೆ ಬಂದು ಸೇರುತ್ತಲೇ ಇರುತ್ತದೆ. ಆರಂಭದಲ್ಲಿ ಏನೂ ಇಲ್ಲ, ಕೊನೆಯಲ್ಲಿ ಮಾಡಿನ ನೀರೆಲ್ಲ ಇದೆ. ಹನಿಯಾಗಿ ಹುಟ್ಟಿ ಹತ್ತು ಮೀಟರಿನೊಳಗೆ ಹೊಳೆಯಾಗುವ ಹರಿವು ಇದು.

ಈ ದೋಣಿಗೆ ನಮ್ಮಲ್ಲಿ ಹೆಸರು ಹಲವು. ಕರಾವಳಿಯಲ್ಲಿ ದಂಬೆ, ಈಚಿನ ಗುತ್ತಿಗೆದಾರರ ಬಾಯಲ್ಲಿ ಗಟರ್. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆಯ ತಿರುಳನ್ನು ಕೆತ್ತಿ ತೆಗೆದರೆ ಉಳಿಯುವ ಗಟ್ಟಿ ಸಿಪ್ಪೆಯೇ ಮೊದಲ ದಂಬೆ. ತೋಟಕ್ಕೆ ನೀರು ಹಾಯಿಸಲೂ ಅದೇ, ಸೂರಿನ ನೀರು ಹಿಡಿಯಲೂ ಅದೇ. ಒಂದರ ತುದಿಯನ್ನು ಇನ್ನೊಂದರ ಬುಡದೊಳಗೆ ಕೂರಿಸಿದರೆ ಮೊಳೆಯಿಲ್ಲದೆ ಜೋಡಣೆ ಮುಗಿಯಿತು. ಕೆಲವು ಮಳೆಗಾಲ ತಾಳಿ ಅದು ಕುಂಬಾಗುತ್ತಿತ್ತು, ಹೊಸ ಮರ ತೋಟದಲ್ಲೇ ಸಿಗುತ್ತಿತ್ತು.

ಆದರೆ ಹಳೆಯ ಮನೆಗಳಲ್ಲಿ ಬಹಳಷ್ಟಕ್ಕೆ ದಂಬೆಯೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಗೋಡೆಯಿಂದ ಮಾರುದ್ದ ಮುಂದೆ ಚಾಚಿದ ಸೂರು, ಸೂರುನೀರು ಬೀಳುವ ಕಡೆ ನೆಲಕ್ಕೆ ಹಾಸಿದ ಕಲ್ಲು, ಕಲ್ಲಿನ ಪಕ್ಕ ತೋಡು, ಇಷ್ಟರಲ್ಲಿ ವ್ಯವಸ್ಥೆ ಮುಗಿಯುತ್ತಿತ್ತು. ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಮರದ ಮಾಡಿನ ಇಳಿಜಾರನ್ನೇ ಅಲ್ಲಿ ಕಲ್ಲಿನ ಚಪ್ಪಡಿಯಲ್ಲಿ ಕಟ್ಟಿದ್ದಾರೆ. ನೀರನ್ನು ಹಿಡಿಯುವ ಯೋಚನೆ ಅಲ್ಲಿಲ್ಲ, ಗೋಡೆಯಿಂದ ದೂರ ಎಸೆಯುವ ಯೋಚನೆ ಇದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಸೋಗೆ, ಹುಲ್ಲು, ನಾಡಹೆಂಚಿನ ಜಾಗಕ್ಕೆ ಒಂದೇ ಅಳತೆಯ, ಒಂದಕ್ಕೊಂದು ಕೊಂಡಿ ಕೂಡುವ ಮಂಗಳೂರು ಹೆಂಚು ಬಂತು. ಅದರ ಮೈಮೇಲಿನ ಕಾಲುವೆಗಳಲ್ಲಿ ನೀರು ಅಚ್ಚುಕಟ್ಟಾಗಿ ಸಾಲುಹಿಡಿದು ಇಳಿಯುತ್ತದೆ, ಸೂರಂಚಿಗೆ ಬಂದಾಗ ಸಾಲು ಧಾರೆಗಳಾಗುತ್ತದೆ. ಮನೆಯ ಜಾಗ ಚಿಕ್ಕದಾಗಿ, ನೆರೆಮನೆಯ ಗೋಡೆ ಹತ್ತಿರವಾದಂತೆ ಆ ಧಾರೆಗಳನ್ನು ಎಲ್ಲಿಯಾದರೂ ಕೂಡಿಸಲೇಬೇಕಾಯಿತು. ದಂಬೆ ಅನಿವಾರ್ಯವಾದದ್ದು ಹೀಗೆ.

ಎಷ್ಟು ನೀರು? ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಆದರೆ ಯಾವ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು, ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಹಾಗಾದರೆ ಆಗುಂಬೆಯ ದಂಬೆ ಬೆಂಗಳೂರಿನದಕ್ಕಿಂತ ಏಳು ಪಟ್ಟು ದೊಡ್ಡದಿರಬೇಕೆ? ಬೇಡ. ದಂಬೆಗೆ ವರ್ಷದ ಮಳೆ ಗೊತ್ತಿಲ್ಲ, ತಿಂಗಳಿನದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಈ ಐದು ನಿಮಿಷ ಮಾತ್ರ. ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಗುಡುಗಿ ಸುರಿಯುವ ಮಳೆಯ ಐದು ನಿಮಿಷಕ್ಕೂ ಆಗುಂಬೆಯ ಜಡಿಮಳೆಯ ಐದು ನಿಮಿಷಕ್ಕೂ ಬಿರುಸಿನಲ್ಲಿ ಅಂಥ ದೊಡ್ಡ ಅಂತರವಿರಬೇಕೆಂದಿಲ್ಲ. ಗಂಟೆಗೆ 100 ಮಿ.ಮೀ. ದಾಟಿದ ಮಳೆಯನ್ನು ಹವಾಮಾನ ಇಲಾಖೆ ಮೇಘಸ್ಫೋಟದ ಅಳತೆಗೆ ಬಳಸುತ್ತದೆ. ಅದೇ ಬಿರುಸು ಐದು ನಿಮಿಷ ಮಾತ್ರ ಇದ್ದು ಹೋಗುವುದು ನಮ್ಮ ಕಡೆ ಅಪರೂಪವೇನಲ್ಲ. ಬ್ರಿಟನ್ನಿನಲ್ಲಿ ಬಹುಕಾಲ ಗಂಟೆಗೆ 75 ಮಿ.ಮೀ. ಹಿಡಿದು ಗಟರುಗಳ ಅಳತೆ ನಿಗದಿ ಮಾಡುತ್ತಿದ್ದರು. ಅಲ್ಲಿನ ಕೋಷ್ಟಕವನ್ನು ಹಾಗೆಯೇ ತಂದು ಇಲ್ಲಿ ಬಳಸಿದರೆ ನಮ್ಮ ಅಂಗಳ ಒದ್ದೆಯಾಗುವುದು ಸಹಜ.

ಇನ್ನೊಂದು ಸೂಕ್ಷ್ಮ ಗಾಳಿಯದು. ಮಳೆ ನೆಟ್ಟಗೆ ಬೀಳುವುದಿಲ್ಲ. ಗಾಳಿಗೆ ಎದುರಾದ ಮಾಡು ತನ್ನ ನೆಲದಳತೆಗಿಂತ ಹೆಚ್ಚು ನೀರನ್ನು ಹಿಡಿಯುತ್ತದೆ. ಹನಿಯು ಎರಡು ಅಡಿ ಇಳಿಯುವಷ್ಟರಲ್ಲಿ ಒಂದು ಅಡಿ ಓರೆಯಾಗುತ್ತದೆ ಎಂದು ಯುರೋಪಿನ ಸಂಹಿತೆಗಳು ಊಹಿಸುತ್ತವೆ. ಅದರಂತೆ ಮಾಡಿನ ಅಗಲಕ್ಕೆ ಅದರ ಏರಿನ ಅರ್ಧವನ್ನು ಸೇರಿಸಬೇಕು. ಹತ್ತು ಮೀಟರ್ ಉದ್ದ, ನೆಲದಲ್ಲಿ ಐದು ಮೀಟರ್ ಅಗಲ, ಮೂರು ಮೀಟರ್ ಏರು ಇರುವ ಒಂದು ಮಗ್ಗುಲ ಮಾಡನ್ನು ತೆಗೆದುಕೊಳ್ಳಿ. ಅದು 50 ಚದರ ಮೀಟರ್ ಅಲ್ಲ, 65. ಗಂಟೆಗೆ 150 ಮಿ.ಮೀ. ಬಿರುಸಿನ ಮಳೆ ಬಂದರೆ ಸೆಕೆಂಡಿಗೆ ಸುಮಾರು 2.7 ಲೀಟರ್. ಹೆಚ್ಚುಕಡಿಮೆ ಆರು ಸೆಕೆಂಡಿಗೆ ಒಂದು ಕೊಡ. ನೈಋತ್ಯ ಮುಂಗಾರಿನ ನಾಡಿನಲ್ಲಿ ಪಡುವಣ ಮಾಡಿಗೂ ಮೂಡಣ ಮಾಡಿಗೂ ಒಂದೇ ದಂಬೆ ಹಾಕುವುದರಲ್ಲಿ ಅರ್ಥವಿಲ್ಲ.

ಈಗ ಆ 2.7 ಲೀಟರನ್ನು 15 ಸೆಂಟಿಮೀಟರ್ ಅಗಲದ ಚೌಕ ದಂಬೆಗೆ ಬಿಡೋಣ. ಇಳಿಜಾರು ಸೊನ್ನೆ, ರಸಮಟ್ಟ ಇಟ್ಟು ನೋಡಿದರೂ ಸಪಾಟು. ನೀರು ಹರಿಯುತ್ತದೆಯೇ? ಖಂಡಿತ ಹರಿಯುತ್ತದೆ. ತಳಕ್ಕೆ ಇಳಿಜಾರಿಲ್ಲದಿದ್ದರೆ ನೀರು ತನ್ನ ಮೇಲ್ಮೈಯಲ್ಲೇ ಇಳಿಜಾರು ಮಾಡಿಕೊಳ್ಳುತ್ತದೆ. ತೆರೆದ ಬಾಯಿಯ ಬಳಿ ಅದರ ಆಳ ಸುಮಾರು 3.2 ಸೆಂಟಿಮೀಟರ್, ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ದೂರದ ತುದಿಯಲ್ಲಿ ಆಳ 5.6 ಸೆಂಟಿಮೀಟರ್. ಎರಡರ ಅನುಪಾತ ಮೂರರ ವರ್ಗಮೂಲ, ಅಂದರೆ 1.73. ಘರ್ಷಣೆಯನ್ನು ಬಿಟ್ಟು ಮಾಡಿದ ಲೆಕ್ಕವಿದು. ಘರ್ಷಣೆ ಸೇರಿದರೆ ದೂರದ ತುದಿ ಇನ್ನಷ್ಟು ಏರುತ್ತದೆ.

ನೀರು ಅತಿ ಕಡಿಮೆ ಇರುವ ಕಡೆಯೇ ಆಳ ಅತಿ ಹೆಚ್ಚು! ಕಾರಣ ಇದು: ಮಾಡಿನಿಂದ ಬೀಳುವ ನೀರು ದಂಬೆಯನ್ನು ಅಡ್ಡಲಾಗಿ ಹೊಗುತ್ತದೆ, ಉದ್ದಕ್ಕೆ ಓಡುವ ವೇಗ ಅದಕ್ಕೆ ಸ್ವಲ್ಪವೂ ಇರುವುದಿಲ್ಲ. ಪ್ರತಿಯೊಂದು ಹೊಸ ಧಾರೆಯನ್ನೂ ಓಡುತ್ತಿರುವ ನೀರು ತನ್ನ ಜೊತೆ ಎಳೆದೊಯ್ಯಬೇಕು. ಹಾಗೆ ಎಳೆಯಲು ಬೇಕಾದ ಬಲವನ್ನು ಹಿಂದಿನ ನೀರು ಎತ್ತರವಾಗಿ ನಿಂತು ಒದಗಿಸುತ್ತದೆ. ಓಡುವ ಬಸ್ಸಿಗೆ ನಿಂತವರು ಒಬ್ಬೊಬ್ಬರಾಗಿ ಹತ್ತಿದಂತೆ, ಪ್ರತಿಯೊಬ್ಬರನ್ನೂ ವೇಗಕ್ಕೆ ತರುವ ಭಾರ ಎಂಜಿನ್ನಿನದು. ಸೂರಿನ ದೂರದ ಮೂಲೆ ಚೆಲ್ಲುವ ಒಗಟು ಇಲ್ಲಿಗೆ ಬಿಡುತ್ತದೆ.

ಈ ಬಗೆಯ ಹರಿವಿನ ಶಾಸ್ತ್ರ ಹುಟ್ಟಿದ್ದು ಮನೆಯ ಸೂರಿನಿಂದಲ್ಲ, ಅಣೆಕಟ್ಟಿನಿಂದ. ಜಲಾಶಯದ ಬದಿಯಿಂದ ಉದ್ದಕ್ಕೂ ನೀರು ಉಕ್ಕಿ ಬೀಳುವ ಪಕ್ಕದ ಕಾಲುವೆಗಳ ಲೆಕ್ಕವನ್ನು ಅಮೆರಿಕದ ಎಂಜಿನಿಯರ್ ಜೂಲಿಯನ್ ಹೈಂಡ್ಸ್ 1926ರಲ್ಲಿ ಪ್ರಕಟಿಸಿದರು. ಎಂಟು ವರ್ಷದ ಬಳಿಕ, 1934ರಲ್ಲಿ, ಅದೇ ದೇಶದ ರಾಷ್ಟ್ರೀಯ ಮಾನಕ ಸಂಸ್ಥೆಯ ಕೆ. ಹಿಲ್ಡಿಂಗ್ ಬೈ ಮಾಡಿನ ದೋಣಿಗಳನ್ನೇ ಪ್ರಯೋಗಕ್ಕೆ ಒಡ್ಡಿ ಪ್ರಬಂಧ ಬರೆದರು. ಅವರು ಗಮನವಿಟ್ಟದ್ದು ಸಪಾಟಾಗಿ ಕಟ್ಟಿದ ದೋಣಿಯ ಮೇಲೆ. ತಗಡಿನ ಕೆಲಸದವರ ಕೈಪಿಡಿಗಳಲ್ಲಿ ಅವರ ಸೂತ್ರ ಬಹುಕಾಲ ಬಾಳಿತು. ಅಣೆಕಟ್ಟಿನ ಮಗ್ಗುಲಿನ ಮಹಾಕಾಲುವೆಗೂ ಹೆಂಚಿನ ಮನೆಯ ದಂಬೆಗೂ ನಿಯಮ ಒಂದೇ ಎಂಬುದು ಜಲಶಾಸ್ತ್ರದ ಸೊಬಗು.

ಹಾಗಾದರೆ ಇಳಿಜಾರು ಬೇಡವೇ? ಬೇಕು, ಆದರೆ ಜನ ತಿಳಿದಷ್ಟು ಬೇಡ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರವನ್ನು ಇಂದಿಗೂ ತೆರೆದ ಕಾಲುವೆಗಳಿಗೆ ಬಳಸುತ್ತಾರೆ. ಅದರ ಪ್ರಕಾರ ವೇಗವು ಇಳಿಜಾರಿನ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಇಳಿಜಾರನ್ನು ನಾಲ್ಕು ಪಟ್ಟು ಮಾಡಿದರೆ ವೇಗ ಎರಡೇ ಪಟ್ಟು. ಅದೇ ಅರೆಗೊಳವೆಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಸಾಗುವ ನೀರು ಆರು ಪಟ್ಟಿಗೂ ಹೆಚ್ಚು. ಅಗಲಕ್ಕೆ ಸಿಗುವ ಫಲ ಇಳಿಜಾರಿಗೆ ಸಿಗುವುದಿಲ್ಲ.

ಜಾಸ್ತಿ ಇಳಿಜಾರಿಗೆ ತೆರಬೇಕಾದ ಬೆಲೆಯೂ ಇದೆ. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿಸಿದರೆ ಕೆಳತುದಿಯ ದಂಬೆ ಹೆಂಚಿನಿಂದ ಅಷ್ಟು ದೂರವಾಗುತ್ತದೆ. ಕಡಿದಾದ ಮಾಡಿನಿಂದ ಚಿಮ್ಮುವ ಧಾರೆ ಅದರ ಹೊರ ಅಂಚನ್ನೇ ಹಾರಿ ಹೋಗುತ್ತದೆ. ದಂಬೆಯೊಳಗೂ ನೀರಿಗೆ ಓಟದ ಮದ ಏರುತ್ತದೆ: ತನ್ನ ಮೇಲೆ ಏಳುವ ಅಲೆಗಿಂತ ವೇಗವಾಗಿ ಓಡುವ ನೀರು ತಿರುವಿನಲ್ಲಿ ತಿರುಗದೆ ಗೋಡೆ ಹತ್ತುತ್ತದೆ, ಬಾಯಿ ಸಿಕ್ಕರೂ ಇಳಿಯದೆ ದಾಟುತ್ತದೆ. ಮೀಟರಿಗೆ 3ರಿಂದ 5 ಮಿ.ಮೀ. ಇದ್ದರೆ ಸಾಕು. ಮಳೆ ನಿಂತ ಮೇಲೆ ದಂಬೆಯಲ್ಲಿ ನೀರು ನಿಲ್ಲಬಾರದು, ಮಣ್ಣು ಕೂರಬಾರದು, ಸೊಳ್ಳೆ ಮರಿ ಮಾಡಬಾರದು. ಇಳಿಜಾರಿನ ಮುಖ್ಯ ಕೆಲಸ ಅದು. ನಮ್ಮ ಲೆಕ್ಕದ ದಂಬೆಯಲ್ಲಿ ಎರಡು ತುದಿಯ ಆಳದ ಅಂತರ 2.4 ಸೆಂಟಿಮೀಟರ್ ಮಾತ್ರ. ಹತ್ತು ಮೀಟರಿಗೆ ಮೂರರಿಂದ ಐದು ಸೆಂಟಿಮೀಟರಿನ ಇಳಿಕೆ ಅದನ್ನು ಆರಾಮವಾಗಿ ತುಂಬಿಕೊಡುತ್ತದೆ.

ತಿರುವೊಂದಿದ್ದರೆ ಸಾಮರ್ಥ್ಯ ಇನ್ನೂ ಕುಗ್ಗುತ್ತದೆ. ಯುರೋಪಿನ 2000ದ ಮಾನಕ ಅದನ್ನು ಶೇ. 15ರಷ್ಟು ಕಳೆಯಲು ಹೇಳುತ್ತದೆ. ಅದೇ ಮಾನಕದ ಸೂತ್ರಕ್ಕೆ 150 ಮಿ.ಮೀ. ವ್ಯಾಸದ ಅರೆಗೊಳವೆಯನ್ನು ಹಾಕಿದರೆ ಸೆಕೆಂಡಿಗೆ ಸುಮಾರು 2.1 ಲೀಟರ್ ಬರುತ್ತದೆ. ನಮ್ಮ ಮಾಡಿನದು 2.7. ಒಂದೇ ತುದಿಯಲ್ಲಿ ಪೈಪಿಟ್ಟರೆ ಸಾಲದು. ಆದರೆ ಪೈಪನ್ನು ನಡುವೆ ಇಟ್ಟರೆ ಎರಡೂ ಕಡೆಯಿಂದ 1.35ರಂತೆ ಬಂದು ಸುಖವಾಗಿ ಇಳಿಯುತ್ತದೆ. ದಂಬೆ ಬದಲಿಸಬೇಕಿಲ್ಲ, ಬಾಯಿಯ ಜಾಗ ಬದಲಿಸಿದರೆ ಸಾಕು. ಮನೆಯ ಎದುರು ನಡುವೆ ಪೈಪು ಕಂಡರೆ ಚೆನ್ನಾಗಿ ಕಾಣುವುದಿಲ್ಲ ಎಂದು ಅದನ್ನು ಮೂಲೆಗೆ ತಳ್ಳುವ ರೂಢಿಯೇ ಎಷ್ಟೋ ಸೂರುಗಳು ಚೆಲ್ಲಲು ಕಾರಣ.

ಬಾಯಿಯ ಮಾತು ಬಂತು. ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಇದೇ. ಕೆರೆ ಗೊತ್ತಿರುವ ಕನ್ನಡಿಗರಿಗೆ ಬಾಯಿಯ ನಡವಳಿಕೆಯನ್ನು ಎರಡೇ ಪದದಲ್ಲಿ ಹೇಳಬಹುದು: ಮೊದಲು ಕೋಡಿ, ಆಮೇಲೆ ತೂಬು. ನೀರು ಕಡಿಮೆ ಇರುವಾಗ ಅದು ತೂತಿನ ಅಂಚಿನ ಸುತ್ತ ಕೋಡಿ ಬಿದ್ದ ಹಾಗೆ ಒಳಗೆ ಬೀಳುತ್ತದೆ. ಆಗ ಆಳ ಇಮ್ಮಡಿಯಾದರೆ ಹರಿವು 2.8 ಪಟ್ಟು ಏರುತ್ತದೆ. ನೀರು ಏರಿ ತೂತು ಮುಳುಗಿದ ಕ್ಷಣ ಅದು ತೂಬಾಗುತ್ತದೆ. ಆಮೇಲೆ ಆಳ ಇಮ್ಮಡಿಯಾದರೂ ಹರಿವು ಏರುವುದು 1.4 ಪಟ್ಟು ಮಾತ್ರ. ಮಳೆ ಬಿರುಸಾದಾಗ ದಂಬೆ ದಿಢೀರನೆ ತುಂಬಿಬಿಡುವುದು ಈ ಹೊರಳಿನಲ್ಲಿ. ಅಷ್ಟು ಸಾಲದೆಂಬಂತೆ ನೀರು ಸುಳಿಸುತ್ತಿ ನಡುವೆ ಗಾಳಿಯ ಕೊಳವೆ ಹುಟ್ಟುತ್ತದೆ, ಅದು ತೂತಿನ ಒಂದಷ್ಟು ಜಾಗವನ್ನು ಕಬಳಿಸುತ್ತದೆ.

ಅಂಕಿಗಳಲ್ಲಿ ನೋಡಿದರೆ, ಬಾಯಿಯ ಮೇಲೆ 5 ಸೆಂಟಿಮೀಟರ್ ನೀರು ನಿಂತಾಗ 50 ಮಿ.ಮೀ. ತೂತು ಸೆಕೆಂಡಿಗೆ ಒಂದು ಲೀಟರಿಗಿಂತ ತುಸು ಹೆಚ್ಚು ಬಿಡುತ್ತದೆ, 75 ಮಿ.ಮೀ. ತೂತು ಎರಡೂವರೆ ಲೀಟರಿನ ಹತ್ತಿರ, 110 ಮಿ.ಮೀ. ತೂತು ಸುಮಾರು ಐದು ಲೀಟರ್. ಎಲೆ ತಡೆಯಲೆಂದು ಬಾಯಿಗೆ ಜಾಲರಿ ಹಾಕಿದರೆ ಇದರಲ್ಲಿ ಅರ್ಧವೆಂದು ಲೆಕ್ಕ ಹಿಡಿಯಬೇಕೆಂದು ಯುರೋಪಿನ ಮಾನಕ ಹೇಳುತ್ತದೆ. 50 ಮಿ.ಮೀ. ಪೈಪಿಗೆ ಜಾಲರಿ ಬಿಗಿದು, ಅದರ ಮೇಲೆ ಹಲಸಿನ ಎಲೆ ಎರಡು ಕೂತರೆ ದೊಡ್ಡ ದಂಬೆ ಇದ್ದೂ ಪ್ರಯೋಜನವಿಲ್ಲ.

ವಿಚಿತ್ರವೆಂದರೆ ಇಳಿಪೈಪಿನ ಹೊಟ್ಟೆ ಸಾಮಾನ್ಯವಾಗಿ ತುಂಬುವುದಿಲ್ಲ. ನೆಟ್ಟಗಿನ ಪೈಪಿನಲ್ಲಿ ನೀರು ಒಳಮೈಗೆ ಅಂಟಿಕೊಂಡು ಬಳೆಯಂತೆ ಇಳಿಯುತ್ತದೆ, ನಡುವೆ ಗಾಳಿ. ಪೈಪಿನ ಮೂರನೇ ಒಂದು ಭಾಗ ಮಾತ್ರ ನೀರಿದ್ದರೂ 75 ಮಿ.ಮೀ. ಪೈಪು ಸೆಕೆಂಡಿಗೆ ಐದು ಲೀಟರನ್ನು ಇಳಿಸಬಲ್ಲದು. ಅಂದರೆ ಪೈಪು ಇಳಿಸಬಲ್ಲಷ್ಟನ್ನು ಅದರ ಬಾಯಿ ನುಂಗುವುದಿಲ್ಲ. ಇದಕ್ಕೆ ಹಳೆಯ ಪರಿಹಾರ ಬಾಯಿಯ ಕೆಳಗೆ ಒಂದು ಪೆಟ್ಟಿಗೆ ಅಥವಾ ಆಲಿಕೆ. ಬ್ರಿಟಿಷರ ಕಾಲದ ಬಂಗಲೆಗಳ ಬೀಡುಕಬ್ಬಿಣದ ಪೈಪುಗಳ ತಲೆಯ ಮೇಲೆ ಕಾಣುವ ಪೆಟ್ಟಿಗೆ ಅಲಂಕಾರಕ್ಕೆ ಇಟ್ಟದ್ದಲ್ಲ. ಅಗಲ ಬಾಯಿಯಿಂದ ನೀರು ಪೆಟ್ಟಿಗೆಗೆ ಬಿದ್ದು, ಅಲ್ಲಿ ಎತ್ತರವಾಗಿ ನಿಂತು, ಆ ಒತ್ತಡದಲ್ಲಿ ಸಣ್ಣ ಪೈಪಿಗೆ ನುಗ್ಗುತ್ತದೆ. ಇದೇ ಸಮಸ್ಯೆಗೆ 1968ರಲ್ಲಿ ಫಿನ್ಲೆಂಡಿನ ಓಲಾವಿ ಎಬೆಲಿಂಗ್ ಬೇರೆ ದಾರಿ ಹಿಡಿದರು. ಬಾಯಿಯ ಮೇಲೊಂದು ತಟ್ಟೆ ಇಟ್ಟು ಗಾಳಿ ಒಳಹೋಗದಂತೆ ತಡೆದರೆ ಪೈಪು ಪೂರ್ತಿ ತುಂಬುತ್ತದೆ, ಕೆಳಗಿಳಿಯುವ ನೀರಿನ ಭಾರವೇ ಮೇಲಿನ ನೀರನ್ನು ಹೀರಿ ಎಳೆಯುತ್ತದೆ. ಕಾರ್ಖಾನೆ, ವಿಮಾನ ನಿಲ್ದಾಣದಂಥ ವಿಶಾಲ ಮಾಡುಗಳಿಗೆ ಇಂದು ಈ ಸೈಫನ್ ವಿಧಾನ ಬಳಕೆಯಲ್ಲಿದೆ. ಮನೆಯ ಸೂರಿಗೆ ಇದರ ಅಗತ್ಯವಿಲ್ಲ, ಆಲಿಕೆ ಸಾಕು.

ಎರಡು ಮಾಡುಗಳು ಒಳಮೂಲೆಯಲ್ಲಿ ಕೂಡುವ ಜಾಗ ಬೇರೆಯೇ ತಲೆನೋವು. ತೊಟ್ಟಿಮನೆಯಲ್ಲಿ ನಾಲ್ಕು ಮಾಡುಗಳು ಒಳ ಅಂಗಳಕ್ಕೆ ಇಳಿಯುವುದರಿಂದ ಅಂಥ ನಾಲ್ಕು ಮೂಲೆಗಳಿರುತ್ತವೆ. ಎರಡು ಕಡೆಯ ನೀರು ಆ ಓಣಿಯಲ್ಲಿ ಕೂಡಿ ಒಂದೇ ಬಲವಾದ ಧಾರೆಯಾಗಿ ಧುಮುಕುತ್ತದೆ. ಹಿಂದಿನವರು ಅದನ್ನು ಹಿಡಿಯಲು ಹೋಗದೆ ಕೆಳಗೆ ಕಲ್ಲು ಹಾಸಿ ಬಿಟ್ಟರು, ಇಲ್ಲವೇ ಬಲಿಷ್ಠವಾದ ಹಂಡೆ ಇಟ್ಟರು. ಈಗ ಅಲ್ಲಿ ಪಿವಿಸಿ ದಂಬೆ ಕಟ್ಟುವವರು ಆ ಮೂಲೆಯಲ್ಲಿ ಮಾತ್ರ ಹೊರ ಅಂಚನ್ನು ಎತ್ತರಿಸಿದ ಒಂದು ತಗಡು ತಡೆಯನ್ನು ನಿಲ್ಲಿಸಬೇಕು, ಪೈಪಿನ ಬಾಯಿಯನ್ನು ಆದಷ್ಟು ಅಲ್ಲೇ ಹತ್ತಿರ ಕೊಡಬೇಕು. ಜಪಾನಿನ ಮನೆಗಳಲ್ಲಿ ಇಂಥ ಜಾಗದಲ್ಲಿ ಪೈಪಿನ ಬದಲು ಸರಪಳಿ ತೂಗಿಬಿಡುವುದುಂಟು. ನೀರು ಅದರ ಕೊಂಡಿಗಳನ್ನು ತಬ್ಬಿಕೊಂಡು ಇಳಿಯುತ್ತದೆ.

ನೀರು ತಬ್ಬಿಕೊಳ್ಳುವ ಈ ಗುಣವೇ ಸಣ್ಣ ಮಳೆಯಲ್ಲಿ ಶತ್ರುವಾಗುತ್ತದೆ. ಜಡಿಮಳೆಯಲ್ಲಿ ಧಾರೆ ಚಿಮ್ಮಿ ದಂಬೆ ಸೇರಿದರೆ, ತುಂತುರಿನಲ್ಲಿ ನೀರು ಹೆಂಚಿನ ಅಂಚಿನಿಂದ ಕಳಚಿಕೊಳ್ಳದೆ ಅಡಿಗೆ ಮಗುಚಿ ಪಕಾಸಿನ ತುದಿಗೆ ಹರಿಯುತ್ತದೆ. ಚಹಾ ಕೆಟಲಿನ ಮೂತಿಯಿಂದ ನಿಧಾನ ಸುರಿದಾಗ ಚಹಾ ಹೊಟ್ಟೆಯ ಮೇಲೆ ಇಳಿಯುವುದೂ ಇದೇ ಬಗೆ. ವಿಜ್ಞಾನಿ ಮಾರ್ಕಸ್ ರೈನರ್ 1956ರಲ್ಲಿ ಇದಕ್ಕೆ ಕೆಟಲ್ ಪರಿಣಾಮ ಎಂದೇ ಹೆಸರಿಟ್ಟರು. ಪಕಾಸು ಕುಂಬಾಗುವುದು ಹೆಚ್ಚಾಗಿ ಈ ಮೆಲ್ಲನೆಯ ನೀರಿನಿಂದ. ಹೆಂಚಿನ ತುದಿ ದಂಬೆಯೊಳಕ್ಕೆ ಎರಡು ಇಂಚಿನಷ್ಟು ಚಾಚಿರಬೇಕು, ದಂಬೆಯ ಅರ್ಧ ಅಗಲವನ್ನು ಮೀರಬಾರದು. ತಗಡಿನ ಮಾಡಾದರೆ ಅಂಚನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಬೇಕು. ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಡಿಮೆ.

ದಂಬೆಗೆ ಈಗ ಹೊಸ ಹೊಣೆಯೊಂದು ಬಂದಿದೆ. ಮೊದಲು ಅದು ನೀರನ್ನು ಓಡಿಸಬೇಕಿತ್ತು, ಈಗ ಉಳಿಸಿಕೊಡಬೇಕು. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು, 2,400 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹಳೆಯ ಮನೆಗಳಿಗೂ 1,200 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ತಮ್ಮ ಬೆಂಗಳೂರಿನ ಮನೆಯನ್ನೇ ಮಳೆನೀರಿನಲ್ಲಿ ನಡೆಸಿ ತೋರಿಸಿದರು, ಪೈಪಿಗೆ ಕೂರಿಸುವ ಸರಳ ಶೋಧಕವನ್ನೂ ರೂಪಿಸಿದರು. ನೂರು ಚದರ ಮೀಟರ್ ಮಾಡಿನಿಂದ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 80,000 ಲೀಟರ್ ಸಿಗುತ್ತದೆ, ಕರಾವಳಿಯಲ್ಲಿ ಹತ್ತಿರ ಹತ್ತಿರ ಮೂರು ಲಕ್ಷ. ಆ ನೀರನ್ನು ಬಾವಿಗೆ ಬಿಡುವ ಮನೆಗಳು ದಕ್ಷಿಣ ಕನ್ನಡ, ಉಡುಪಿಯಲ್ಲಿ ಹೆಚ್ಚುತ್ತಿವೆ. ಆದರೆ ಶೋಧಕ, ಟ್ಯಾಂಕಿ, ಇಂಗುಗುಂಡಿಗೆ ಹಣ ಹಾಕಿದವರು ದಂಬೆಯ ವಿಷಯದಲ್ಲಿ ಮಾತ್ರ ಅಂಗಡಿಯಲ್ಲಿ ಸಿಕ್ಕ ಅಳತೆಗೆ ಒಪ್ಪಿಕೊಳ್ಳುತ್ತಾರೆ. ಬಿರುಮಳೆಯಲ್ಲಿ ಚೆಲ್ಲಿಹೋಗುವ ನೀರು ಟ್ಯಾಂಕಿಗೆ ಬರುವುದೇ ಇಲ್ಲ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಆ ಬಿರುಸಿನ ಹೊತ್ತುಗಳದ್ದೇ ಆಗಿರುವಾಗ ಇದು ಸಣ್ಣ ನಷ್ಟವಲ್ಲ.

ಮಳೆಗಾಲಕ್ಕೆ ಮುಂಚೆ, ರೋಹಿಣಿ ಮಳೆಯ ಹೊತ್ತಿಗೆ, ಏಣಿ ಹಾಕಿ ದಂಬೆಯ ಎಲೆ ತೆಗೆಯುವವರು ಇನ್ನೊಂದು ಕೆಲಸ ಮಾಡಲಿ. ದೂರದ ತುದಿಯಲ್ಲಿ ಎರಡು ಕೊಡ ನೀರನ್ನು ಬೇಗ ಬೇಗ ಸುರಿದು, ಅದು ಎಲ್ಲಿ ನಿಲ್ಲುತ್ತದೆ, ಬಾಯಿಯ ಬಳಿ ಎಷ್ಟು ಎತ್ತರ ಏರುತ್ತದೆ ಎಂದು ನೋಡಲಿ. ನಿಂತರೆ ಬ್ರಾಕೆಟ್ಟು ಸರಿಪಡಿಸಿ. ಬಾಯಿಯ ಬಳಿ ಏರಿದರೆ ಇಳಿಜಾರನ್ನು ಮುಟ್ಟಬೇಡಿ, ತೂತನ್ನು 110 ಮಿ.ಮೀ.ಗೆ ಅಗಲಿಸಿ, ಇಲ್ಲವೇ ಇನ್ನೊಂದು ಪೈಪು ಇಳಿಬಿಡಿ.